ಕೊನೆಗೆ ಕಂಡ ಜಾಗ

ಗುರುವಾರ ಭೋಸರಿಯ ಕಾರ್ಖಾನೆಗಳಿಗೆಲ್ಲ ರಜೆ. ಲೇತುಗಳ ಚೀರಾಟ, ಪಕ್ಕದ ಶೆಡ್ಡಿನ ಪ್ರೆಸ್ಸಿನ ಗುದ್ದು ಒಂದೂ ಇಲ್ಲದೆ ಗಲ್ಲಿಯೆಲ್ಲ ಜ್ವರ ಬಿಟ್ಟ ಮೈಯ ಹಾಗೆ ತಣ್ಣಗೆ ಬಿದ್ದುಕೊಂಡಿರುತ್ತಿತ್ತು. ರಜೆಯ ದಿನವೂ ಬಂದು ಕೂರುವುದು ಈ ಮೌನಕ್ಕಾಗಿಯೇ ಎಂದು ಶರಯೂ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಇವತ್ತು ಮಾತ್ರ ಬಂದು ಎಷ್ಟು ಹೊತ್ತಾದರೂ ಕೆಲಸ ಕೈಗೆ ಹತ್ತಿರಲಿಲ್ಲ. ಮೇಜಿನ ಮೇಲೆ ಅಂಗೈಯಗಲದ ಡಬ್ಬಿಯೊಂದು ಮುಚ್ಚಳ ತೆರೆದುಕೊಂಡು ಬಿದ್ದಿತ್ತು. ಅದರಿಂದ ಹೊರಟ ಎರಡು ತಂತಿಗಳು ಮೀಟರಿಗೆ ಸೇರಿದ್ದವು. ಮೀಟರಿನ ಅಂಕಿ ಸೊನ್ನೆಯ ಆಸುಪಾಸಿನಲ್ಲೇ ಏರಿಳಿಯುತ್ತಿತ್ತು. ಗ್ಯಾಸ್ ಸಿಲಿಂಡರಿನ ಕುತ್ತಿಗೆಗೆ ಒಮ್ಮೆ ಕಟ್ಟಿಬಿಟ್ಟರೆ ಐದು ವರ್ಷ ಯಾರೂ ಮುಟ್ಟಬೇಕಿಲ್ಲದ ಡಬ್ಬಿ. ಸಿಲಿಂಡರು ಸುಮ್ಮನಿದ್ದಾಗ ಅದು ಮಲಗಿರಬೇಕು, ಅಲುಗಿದಾಗ ಏಳಬೇಕು, ಆಕಾಶದ ಉಪಗ್ರಹಗಳನ್ನು ಹುಡುಕಿ ತಾನೆಲ್ಲಿದ್ದೇನೆಂದು ತಿಳಿದುಕೊಂಡು ಒಂದೇ ಉಸಿರಿಗೆ ಹೇಳಿ ಮತ್ತೆ ಮಲಗಿಬಿಡಬೇಕು. ಎಚ್ಚರವಿದ್ದಷ್ಟು ಹೊತ್ತೂ ಬ್ಯಾಟರಿ ಸಾಯುತ್ತಿರುತ್ತದೆ. ಇಷ್ಟು ವರ್ಷ ಅವಳು ಮಾಡುತ್ತ ಬಂದ ಕೆಲಸವೆಂದರೆ ಯಂತ್ರಗಳಿಗೆ ನಿದ್ದೆ ಕಲಿಸುವುದು, ಮಾತು ಕಡಿಮೆ ಮಾಡಿಸುವುದು. ಬಾಡಿಗೆ ಜನರೇಟರುಗಳಿಗೆ, ಕಟ್ಟಡದವರ ಕಬ್ಬಿಣದ ತಟ್ಟೆಗಳಿಗೆ, ಕಂಪ್ರೆಸರುಗಳಿಗೆ, ಒಂದೊಂದಕ್ಕೂ ಅದರದೇ ಸ್ವಭಾವ ನೋಡಿ ಹೊಲಿದುಕೊಟ್ಟ ಅಂಗಿಯಂಥ ಡಬ್ಬಿಗಳು. ಇಂಥ ಸಣ್ಣ ಕೆಲಸದಲ್ಲಿ ಯಾರಿಗಾದರೂ ಕೇಡಾಗಬಹುದೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಫೋನು ಹೊಡೆದುಕೊಂಡಿತು. ಮಕರಂದ. ಅವಳ ಜೊತೆ ಓದಿದವನು, ಈ ಪುಟ್ಟ ಕಂಪನಿಯ ಅರ್ಧ ಒಡೆಯ, ಮಾತಿನ ಅರ್ಧವೆಲ್ಲ ಅವನದೇ.

"ರಜೆ ದಿನಾನೂ ಅಲ್ಲೇನಾ? ಆ ಡಬ್ಬಿಗಳನ್ನ ಮಲಗಿಸಿ ಮಲಗಿಸಿ ನೀನೇ ನಿದ್ದೆ ಮಾಡೋದು ಮರೆತುಬಿಟ್ಟಿದೀಯ ಶರಯೂ."

"ಹೇಳು."

"ನಾಳೆ ಚಾಕಣದ ದೊಡ್ಡ ಕುಳಗಳು ಬರ್ತಿದಾರೆ, ನೆನಪಿದೆ ತಾನೆ? ನಾನು ಭೋಂಡವೆ ಅಣ್ಣಾಸಾಹೇಬರ ಕಥೆಯಿಂದಲೇ ಶುರು ಮಾಡ್ತೀನಿ. ಹಾಕಿದ ಸ್ವಲ್ಪ ದಿನಕ್ಕೇ ಕಳ್ಳನ್ನ ಹಿಡಿದುಕೊಟ್ಟ ಡಬ್ಬಿ! ಪರದೆ ಮೇಲೆ ದಿಘಿಯ ಆ ಕೆಂಪು ಚುಕ್ಕೆ ತೋರಿಸಿದ್ರೆ ಸಾಕು, ಎಲ್ಲರೂ ಸೆಟೆದು ಕೂರ್ತಾರೆ."

"ಮಕರಂದ, ಆ ಚುಕ್ಕೆ ತಪ್ಪು ಅಂತ ನಿನಗೆ ಹೇಳಿದ್ದೆ."

"ಹೇಳಿದ್ದೆ. ಹೊಸದರಲ್ಲಿ ಸರಿ ಮಾಡ್ತಾ ಇದೀಯ. ಮುಗೀತಲ್ಲ? ಒಣಗಿದ ಗಾಯ ಕೆರೆದು ಯಾರಿಗೇನು ಬರುತ್ತೆ? ಆ ಮನುಷ್ಯನೂ ಒಂದು ಮಾತು ಆಡಲಿಲ್ಲ ಅವತ್ತು. ತಪ್ಪಿಲ್ಲದವನು ಬಾಯಿ ಬಿಡ್ತಿರಲಿಲ್ವಾ?"

"ಹೂಂ," ಎಂದಳು ಶರಯೂ. ಫೋನು ಇಟ್ಟಮೇಲೆ ಆ ಹೂಂ ಎಂಬುದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಅಲ್ಲೇ ಉಳಿಯಿತು. ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಗ್ಯಾಸ್ ಡಿಪೋದ ಒಡೆಯ ಅಣ್ಣಾಸಾಹೇಬರ ಕಚೇರಿಯಲ್ಲಿ ಅವತ್ತು ಅವಳು ಇಷ್ಟನ್ನೂ ಆಡಿರಲಿಲ್ಲ. ಗೋಡೆಯ ಮೇಲೆ ಗಣಪತಿ, ಗಣಪತಿಯ ಕೆಳಗೆ ಅಗಲವಾದ ಟೀವಿ, ಟೀವಿಯಲ್ಲಿ ಭೋಸರಿ, ಮೋಶಿ, ದಿಘಿಯ ನಕಾಶೆ. ಡ್ರೈವರ್ ಬಬನ ಶೇವಕರಿ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಐವತ್ತು ದಾಟಿದ, ತೆಳ್ಳಗಿನ, ಮೀಸೆಗೆ ಬಣ್ಣ ಹಚ್ಚದ ಮನುಷ್ಯ. ಡಬ್ಬಿ ಕಟ್ಟುವ ಮೊದಲ ದಿನ ಇದೇ ಬಬನ ಅವಳಿಗಾಗಿ ಸಿಲಿಂಡರುಗಳನ್ನು ಅಂಚಿನ ಮೇಲೆ ಬುಗುರಿಯ ಹಾಗೆ ಉರುಳಿಸಿ ತಂದುಕೊಟ್ಟಿದ್ದ, ಕೆಲಸ ಮುಗಿದಮೇಲೆ ಒದ್ದೆ ಬಟ್ಟೆ ಕೊಟ್ಟು, "ಕೈಗೆ ತುಕ್ಕು ಹತ್ತಿದೆ ಮ್ಯಾಡಮ್, ಸೀರೆಗೆ ಒರೆಸ್ಕೋಬೇಡಿ," ಎಂದಿದ್ದ. ಆ ಮನುಷ್ಯನ ಗಾಡಿಯಲ್ಲಿ ಹೋದ ಆರ್ಗಾನ್ ಸಿಲಿಂಡರೊಂದು ಹಿಂದಿರುಗಿರಲಿಲ್ಲ. ನಕಾಶೆಯ ಮೇಲೆ ಅದು ದಿಘಿಯ ಒಂದು ಮನೆಯ ಮೇಲೆ ಕೆಂಪಗೆ ಕೂತಿತ್ತು. ದಿನ ದಿನವೂ ಅಲ್ಲೇ. "ಯಾರ ಮನೆ ಬಬನ ಇದು?" ಎಂದು ಅಣ್ಣಾಸಾಹೇಬರು ಕೇಳಿದರು. ಬಬನ ಮಾತಾಡಲಿಲ್ಲ. "ಮಧ್ಯಾಹ್ನವೆಲ್ಲ ನಿನ್ನ ಗಾಡಿ ಅಲ್ಲಿ ಏನು ಮಾಡ್ತಿತ್ತು?" ಅದಕ್ಕೂ ಇಲ್ಲ. ಬಾಗಿಲ ಹತ್ತಿರ ನಿಂತಿದ್ದ ಡಿಪೋದ ಮೇಲ್ವಿಚಾರಕ ಪೋಪಟರಾವ್ ನೆಲದ ಟೈಲ್ಸು ನೋಡುತ್ತಿದ್ದ. ಆಗ ಅಣ್ಣಾಸಾಹೇಬರು ಕುರ್ಚಿ ತಿರುಗಿಸಿ ಅವಳನ್ನು ಕೇಳಿದರು: "ಮ್ಯಾಡಮ್, ನಿಮ್ಮ ಡಬ್ಬಿ ಸುಳ್ಳು ಹೇಳುತ್ತಾ?" ಅವಳು ಬಾಯಿ ತೆರೆಯುವ ಮೊದಲೇ ಮಕರಂದ ನಕ್ಕು, "ಸುಳ್ಳು ಹೇಳೋಕೆ ಕಾರಣ ಬೇಕಲ್ಲ ಸಾಹೇಬರೇ, ಅದಕ್ಕೇನು ಹೆಂಡತಿ ಇದಾಳಾ?" ಎಂದ. ಎಲ್ಲರೂ ನಕ್ಕರು. ತನ್ನ ತುಟಿಗಳೂ ಅಗಲವಾಗಿದ್ದವು ಎಂಬುದು ಶರಯೂಗೆ ಈಗಲೂ ನೆನಪಿತ್ತು. ಬಬನ ಒಮ್ಮೆ ತಲೆಯೆತ್ತಿ ನೋಡಿದಾಗ ಅವನ ಕಣ್ಣಿಗೆ ಬಿದ್ದದ್ದು ಆ ಅಗಲವಾದ ತುಟಿಗಳೇ.

ಆಗ ತನಗೆ ಗೊತ್ತಿರಲಿಲ್ಲ ಎಂದು ಅವಳು ತನಗೇ ಹೇಳಿಕೊಳ್ಳುತ್ತಿದ್ದಳು. ಅದು ನಿಜ ಅಲ್ಲ. ಪೂರ್ತಿ ಗೊತ್ತಿರಲಿಲ್ಲ, ಅಷ್ಟೇ. ಆಕಾಶ ನೋಡಿ ಜಾಗ ಹೇಳುವ ಯಾವ ಡಬ್ಬಿಯೂ ಎರಡು ಸಲ ಒಂದೇ ಅಂಕಿ ಹೇಳುವುದಿಲ್ಲ. ಕಲ್ಲಿಗೆ ಕಟ್ಟಿಟ್ಟರೂ ಅದು ಹೇಳುವ ಜಾಗ ಒಂದಿಷ್ಟು ಅತ್ತ ಇತ್ತ ಅಲುಗುತ್ತದೆ, ಮಲಗಿದ ಮನುಷ್ಯನ ಎದೆ ಅಲುಗುವ ಹಾಗೆ. ದಿಘಿಯ ಚುಕ್ಕೆ ಅಲುಗಿರಲಿಲ್ಲ. ಕೊನೆಯ ಅಂಕಿಯವರೆಗೂ ಅದೇ, ಅದೇ, ಅದೇ. ಹೆಣದಷ್ಟು ಸ್ಥಿರ. ಟೀವಿಯ ಮೂಲೆಯಲ್ಲಿ ಸಣ್ಣಗೆ ಬರೆದಿದ್ದ ಆ ಅಂಕಿಗಳನ್ನು ಅವಳು ಅವತ್ತು ಅಲ್ಲೇ ಓದಿದ್ದಳು, ಸೀದ ಅನ್ನದ ವಾಸನೆ ಅಡುಗೆಯವಳಿಗೆ ತಿಳಿಯುವ ಹಾಗೆ ಅವಳಿಗೆ ಅಲ್ಲೇ ತಿಳಿದಿತ್ತು. ಮೇಲೆ ತಗಡಿನ ಸೂರಿದ್ದರೆ ಡಬ್ಬಿಗೆ ಆಕಾಶ ಕಾಣುವುದಿಲ್ಲ. ಒಂದಿಷ್ಟು ಹೊತ್ತು ಹುಡುಕಿ, ಬ್ಯಾಟರಿ ಉಳಿಸಲೆಂದು ಹುಡುಕುವುದನ್ನು ಬಿಟ್ಟು, ಕೊನೆಗೆ ಕಂಡ ಜಾಗವನ್ನೇ ಮತ್ತೆ ಹೇಳಿ ಮಲಗು ಎಂದು ಅದಕ್ಕೆ ಕಲಿಸಿದವಳು ಅವಳೇ. ಹಾಗೆ ಹೇಳುವಾಗ "ಇದು ಹಳೆಯದು" ಎಂಬ ಒಂದು ಗುರುತನ್ನೂ ಮೊದಲು ಕಲಿಸಿದ್ದಳು. ಸಂದೇಶ ಉದ್ದವಾಯಿತು, ಬ್ಯಾಟರಿ ಐದು ವರ್ಷಕ್ಕೆ ಸ್ವಲ್ಪ ಕಡಿಮೆ ಬಂತು, ಒಂದು ಸಂಜೆ ಆ ಗುರುತನ್ನು ತೆಗೆದುಹಾಕಿದಳು. ತೆಗೆದ ಸಂಜೆ ಎಷ್ಟು ಖುಷಿಯಾಗಿತ್ತೆಂದರೆ ದಾರಿಯಲ್ಲಿ ಸ್ಕೂಟರು ನಿಲ್ಲಿಸಿ ಒಬ್ಬಳೇ ಒಂದು ತಟ್ಟೆ ಮಿಸಳ್ ತಿಂದು ಮನೆಗೆ ಹೋಗಿದ್ದಳು. ಆಮೇಲೆ ಒಂದು ದಿನ, ಬಬನನನ್ನು ಕೆಲಸದಿಂದ ತೆಗೆದು ಬಹಳ ದಿನವಾದ ಮೇಲೆ, ದಾಖಲೆ ನೋಡುವಾಗ ಆ ಚುಕ್ಕೆ ದಿಘಿಯಿಂದ ಎದ್ದು ಕುದಳವಾಡಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿಗೆ ಹಾರಿ, ಅಲ್ಲಿಂದ ಡಿಪೋಗೆ ಬಂದು ಕೂತಿತ್ತು. ಅಲ್ಲಿಯವರೆಗೂ ಆ ಸಿಲಿಂಡರು ಇದ್ದದ್ದು ಆ ಶೆಡ್ಡಿನ ತಗಡಿನ ಕೆಳಗೆ, ಬಬನ ನಿಯತ್ತಾಗಿ ಇಳಿಸಿಬಂದ ಜಾಗದಲ್ಲೇ. ದಾರಿಯಲ್ಲಿ ಅವನ ಗಾಡಿ ದಿಘಿಯಲ್ಲಿ ನಿಂತಾಗ ಡಬ್ಬಿ ಕೊನೆಯ ಸಲ ಆಕಾಶ ಕಂಡಿತ್ತು, ಅಷ್ಟೇ.

ಎಲ್ಲಿದ್ದೆ ಎನ್ನುವುದನ್ನು ನಾವು ಹೇಳುವ ಮೊದಲೇ ಬೇರೆಯವರು ಹೇಳಿಬಿಟ್ಟರೆ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ? ಕಾಲೇಜಿನ ಎರಡನೆಯ ವರ್ಷ ಸಂಭಾಜಿ ಪಾರ್ಕಿನ ಬೆಂಚಿನ ಮೇಲೆ ಒಬ್ಬ ಹುಡುಗನ ಜೊತೆ ಕೂತಿದ್ದಳು. ಮಾತಾಡುತ್ತಿದ್ದದ್ದು ಪರೀಕ್ಷೆಯ ವಿಷಯ, ನಡುನಡುವೆ ಬೇರೆಯದೂ. ಅಪ್ಪನ ಜೊತೆ ಪಿಂಪರಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಯಾರೋ ಕಂಡರು. ಮನೆಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲು ಬಂದು ಚಾಪೆ ಹಾಕಿಕೊಂಡು ಕೂತಿತ್ತು. ಅಪ್ಪ ಬೈಯಲಿಲ್ಲ, ಕೇಳಲಿಲ್ಲ. ಅವತ್ತಿನಿಂದ ಅವಳು ಊಟಕ್ಕೆ ಕೂತ ಹೊತ್ತಿಗೆ ತಾವು ಕೂರುವುದನ್ನು ಬಿಟ್ಟರು. ಕೇಳಿದ್ದರೆ ಅವಳು ಹೇಳುತ್ತಿದ್ದಳು. ಹೇಳುವುದಕ್ಕೆ ಅವಳಲ್ಲಿ ಎಷ್ಟೊಂದು ಇತ್ತು! ಆ ಹುಡುಗನ ಮುಖ ಈಗ ನೆನಪಿಲ್ಲ, ಮುಚ್ಚಿಟ್ಟ ಅಪ್ಪನ ತಟ್ಟೆ ನೆನಪಿದೆ. ಮೀಟರಿನ ಅಂಕಿ ಇನ್ನೂ ಸೊನ್ನೆಯ ಪಕ್ಕದಲ್ಲಿ ಅಲುಗುತ್ತಿತ್ತು. ಶರಯೂ ತಂತಿಗಳನ್ನು ಕಿತ್ತಳು, ಡಬ್ಬಿಯನ್ನು ಡ್ರಾಯರಿಗೆ ಹಾಕಿ, ಸ್ಕೂಟರಿನ ಕೀಲಿ ತೆಗೆದುಕೊಂಡಳು.

ಅಣ್ಣಾಸಾಹೇಬರು ರಜೆಯ ದಿನವೂ ಡಿಪೋದಲ್ಲಿ ಕೂರುವವರು. ಅಂಗಿ ತೆಗೆದು ಬನಿಯನ್ನಿನಲ್ಲಿ ಕೂತು ಸೌತೆಕಾಯಿ ತಿನ್ನುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಶರಯೂ ಒಂದೂ ಬಿಡದೆ ಒಪ್ಪಿಸಿದಳು. ತಗಡಿನ ಸೂರು, ಕೊನೆಗೆ ಕಂಡ ಜಾಗ, ತೆಗೆದುಹಾಕಿದ ಗುರುತು, ಅವತ್ತೇ ಬಂದ ಅನುಮಾನ. ಅಣ್ಣಾಸಾಹೇಬರು ಸೌತೆಕಾಯಿಗೆ ಉಪ್ಪು ಹಚ್ಚಿದರು.

"ಆ ಸಿಲಿಂಡರು ಬಂದು ಎಷ್ಟು ದಿನ ಆಯ್ತು ಮ್ಯಾಡಮ್! ಕುದಳವಾಡಿಯೋನು ಖಾಲಿ ಸಿಲಿಂಡರುಗಳ ಜೊತೆ ವಾಪಸು ಕಳಿಸಿದ. ನನಗೆ ಕಣ್ಣಿಲ್ವಾ? ನೋಡಿದ ದಿನವೇ ಪೋಪಟನಿಗೆ ಹೇಳಿದೆ, ಹೋಗಿ ನಿನ್ನ ದಾಜಿನ ಕರ್ಕೊಂಡು ಬಾ ಅಂತ."

"ದಾಜಿ ಅಂದ್ರೆ?"

"ಭಾವ. ಬಬನನ ಹೆಂಡತಿ ಮಂದಾ, ಪೋಪಟನ ಸ್ವಂತ ಅಕ್ಕ. ಗೊತ್ತಿರಲಿಲ್ವಾ? ಚರ್ಹೋಲಿಯಲ್ಲಿ ಅಕ್ಕಪಕ್ಕದ ಮನೆ. ಹೋಗಿ ಬಂದು, ದಾಜಿಗೆ ಬರೋ ಮನಸ್ಸಿಲ್ಲ ಸಾಹೇಬರೇ ಅಂದ. ಸರಿ, ಮಾನಿಷ್ಠ ಮನುಷ್ಯ, ಬಿಟ್ಟೆ."

"ಹಾಗಾದ್ರೆ ದಿಘಿಯ ಮನೆ ಅವರದಲ್ಲ?"

"ಅದ್ಯಾರದೋ ದೇವರಿಗೇ ಗೊತ್ತು. ಅವತ್ತು ಹುಡುಕೋಕೆ ಪೋಪಟನ್ನೇ ಕಳಿಸಿದ್ದೆ. ಯಾರೋ ಅಪರಿಚಿತರು, ಸಿಲಿಂಡರು ಇಲ್ಲ, ಮಾರಿಬಿಟ್ಟಿರಬೇಕು ಅಂದ." ಅವರು ತಟ್ಟೆಯನ್ನು ಅವಳತ್ತ ಸರಿಸಿದರು. "ತಗೊಳ್ಳಿ, ತಿನ್ನಿ. ಇಷ್ಟಕ್ಕೆ ಯಾಕೆ ಮುಖ ಸಣ್ಣ ಮಾಡ್ಕೊಂಡಿದೀರ? ನನ್ನ ಹತ್ರ ಇರೋ ಡಬ್ಬಿಗಳಿಗೆಲ್ಲ ಆ ಗುರುತು ವಾಪಸು ಹಾಕಿಕೊಡಿ, ಆಯ್ತು."

ಹೊಟ್ಟೆಯಲ್ಲಿ ಮುಳ್ಳಿನ ಹಾಗೆ ಇಟ್ಟುಕೊಂಡು ತಿರುಗಿದ್ದನ್ನು ತಂದು ಎದುರಿಗಿಟ್ಟರೆ ಆ ಮನುಷ್ಯ ಅದನ್ನು ಸೌತೆಕಾಯಿಯ ಸಿಪ್ಪೆಯ ಜೊತೆ ಬದಿಗೆ ಸರಿಸಿದ್ದ. ಶರಯೂಗೆ ಅವಮಾನವಾಯಿತು. ಅವಮಾನವಾಯಿತೆಂದು ಇನ್ನಷ್ಟು ನಾಚಿಕೆಯಾಯಿತು. ಇವನಿಂದ ತನಗೆ ಬೇಕಾಗಿದ್ದದ್ದೇನು, ಬೈಗುಳವೇ? ಹೊರಗೆ ಬಿಸಿಲಲ್ಲಿ ನಿಂತು ಅವಳು ಫೋನಿನಲ್ಲಿ ಆ ಹಳೆಯ ಅಂಕಿಗಳನ್ನು ತೆಗೆದಳು. ಚರ್ಹೋಲಿಗೆ ನೇರವಾಗಿ ಹೋಗಬಹುದಿತ್ತು. ಆದರೆ ಬಬನನ ಎದುರು ನಿಲ್ಲುವುದಕ್ಕಿಂತ ಒಂದು ಅಪರಿಚಿತ ಬಾಗಿಲು ತಟ್ಟುವುದು ಸುಲಭವೆಂದು ತೋರಿತು. ಆ ಚುಕ್ಕೆಯ ಜಾಡು ಹಿಡಿದು ದಿಘಿಯ ಕಡೆ ಗಾಡಿ ತಿರುಗಿಸಿದಳು.

ಕಿರಿದಾದ ಗಲ್ಲಿ, ಹಸಿರು ಬಣ್ಣದ ಬಾಗಿಲು. ತೆರೆದವಳು ಇಪ್ಪತ್ತೈದರ ಒಳಗಿನ ಹುಡುಗಿ. ಕೈಗೆ ಹಿಟ್ಟು ಮೆತ್ತಿತ್ತು. ಹಣೆ, ಹುಬ್ಬು, ಮಾತಿಗೆ ಮೊದಲು ಒಂದು ಕ್ಷಣ ಕೆಳಗೆ ನೋಡುವ ರೀತಿ, ಎಲ್ಲ ಬಬನನದೇ. ಶರಯೂಗೆ ಕೇಳುವುದೇನೂ ಉಳಿಯಲಿಲ್ಲ. ತಾನು ಯಾರೆಂದು ಹೇಳಿದಳು. ಹುಡುಗಿ ಬಾಗಿಲು ಹಾಕಿಕೊಳ್ಳಬಹುದೆಂದುಕೊಂಡಿದ್ದಳು. ಹುಡುಗಿ ಮಾತ್ರ, "ಒಳಗೆ ಬನ್ನಿ ಮಾವಶಿ, ಬಿಸಿಲು," ಎಂದು ಚಿಕ್ಕಮ್ಮನನ್ನು ಕರೆದ ಹಾಗೆ ಕರೆದಳು. ಪ್ರಾಜಕ್ತಾ ಅವಳ ಹೆಸರು. ಒಂದೇ ಕೋಣೆ. ಒಂದು ಮಂಚ, ಒಂದು ಒಲೆಕಟ್ಟೆ, ನಡುವೆ ತೊಲೆಯಿಂದ ಇಳಿಬಿಟ್ಟ ನೀಲಿ ಸೀರೆಯ ತೊಟ್ಟಿಲು. ಶರಯೂ ತೊಟ್ಟಿಲ ಪಕ್ಕದಲ್ಲೇ ಮಂಚದ ಅಂಚಿಗೆ ಕೂತಳು. ಕೂತ ಕೂಡಲೇ ಶುರು ಮಾಡಿದಳು. ಅಣ್ಣಾಸಾಹೇಬರಿಗೆ ಹೇಳಿದ್ದನ್ನೇ, ಇನ್ನಷ್ಟು ಬಿಡಿಸಿ, ಇನ್ನಷ್ಟು ತನ್ನನ್ನೇ ಬೈದುಕೊಂಡು. "ನಿಮ್ಮಪ್ಪ ಕಳ್ಳ ಅಲ್ಲ," ಎಂದು ಮುಗಿಸಿದಳು.

ಪ್ರಾಜಕ್ತಾ ಕೈ ತೊಳೆದುಕೊಂಡು ಬಂದು ಎದುರಿಗೆ ನೆಲದ ಮೇಲೆ ಕೂತಳು. "ಅಪ್ಪ ಕಳ್ಳ ಅಂತ ಯಾರು ಅಂದ್ಕೊಂಡಿದ್ರು ಮಾವಶಿ? ನಮ್ಮ ಮನೆಯಲ್ಲಿ ಒಬ್ಬರೂ ಅಂದ್ಕೊಳ್ಳಲಿಲ್ಲ. ಪೋಪಟಮಾಮಾ ಏನಂದ ಗೊತ್ತಾ? ಕದ್ದಿದ್ರೆ ಕ್ಷಮಿಸ್ತಿದ್ದೆ ದಾಜಿ, ಗಂಡಸು, ಕಷ್ಟಕ್ಕೆ ಕೈ ಹಾಕಿದ ಅಂತಿದ್ದೆ. ಅವಳ ಮನೆಗೆ ಹೋದೆಯಲ್ಲ, ಅದಕ್ಕೆ ಏನನ್ನಲಿ ಅಂದನಂತೆ."

ಅವಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಆವತ್ತಿನಿಂದ ಚರ್ಹೋಲಿಯ ಮನೆಯಲ್ಲಿ ಅವಳ ಹೆಸರು ಎತ್ತುವ ಹಾಗಿರಲಿಲ್ಲ. ಮೊದಲ ವರ್ಷ ಯಾರೂ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಗಲ್ಲಿಯ ಬಾಯಲ್ಲಿ ಗ್ಯಾಸಿನ ಗಾಡಿ ನಿಂತಿತು. "ಬಂದು ಹೊಸ್ತಿಲಲ್ಲೇ ನಿಂತು, ನೀರು ಕೊಡ್ತೀಯಾ ಅಂದ. ಮಾರನೆ ದಿನದಿಂದ ಊಟಕ್ಕೇ ಬರ್ತಿದ್ದ. ಆಯಿ ಕಟ್ಟಿಕೊಟ್ಟ ಬುತ್ತಿ ನನ್ನ ಮುಂದೆ ಬಿಚ್ಚಿಟ್ಟು, ನಾನು ಮಾಡಿದ್ದು ತಾನು ತಿನ್ನೋನು. ಬಸುರಿಯಲ್ಲಿ ನಾನು ತಿಂದಿದ್ದೆಲ್ಲ ಆಯಿಯ ಕೈ ಅಡುಗೆಯೇ ಮಾವಶಿ. ಆಯಿಗೆ ಗೊತ್ತಿಲ್ಲ." ಅವಳು ನಕ್ಕಳು, ತಕ್ಷಣ ನಿಲ್ಲಿಸಿದಳು. "ಅವತ್ತು ಮಾಮಾ ಬಂದು ಮಂಚದ ಕೆಳಗೆಲ್ಲ ಬಗ್ಗಿ ನೋಡಿದ. ನನ್ನ ಮುಖ ನೋಡಲಿಲ್ಲ. ಆ ಮೊಳೆಗೆ ಅಪ್ಪನ ಟವೆಲ್ಲು ಇತ್ತು, ಅದನ್ನ ನೋಡಿದ. ಆಮೇಲೆ ಆಫೀಸಿನ ಟೀವಿಯಲ್ಲಿ ಅಪ್ಪನ ಗಾಡಿಯ ಸಿಲಿಂಡರುಗಳೆಲ್ಲ ಮಧ್ಯಾಹ್ನ ಎಲ್ಲೆಲ್ಲಿ ನಿಂತಿದ್ದವು ಅಂತ ತೆಗೆಸಿ ನೋಡಿದನಂತೆ. ದಿನಾ ಇಲ್ಲಿ. ಅದನ್ನೇ ಹೋಗಿ ಆಯಿ ಮುಂದೆ ಸುರಿದ. ಈಗ ಆಯಿ ಅಪ್ಪನ ಹತ್ರ ಮಾತಾಡಲ್ಲ. ಇನ್ನು ಇಲ್ಲಿಗೆ ಬರಲ್ಲ ಅಂತ ಅಪ್ಪನ ಕೈಯನ್ನ ಆಯಿಯ ತಲೆ ಮೇಲೆ ಇಡಿಸಿ ಆಣೆ ಹಾಕಿಸಿದಾನೆ ಮಾಮಾ. ಆಮೇಲೆ ಅಪ್ಪ ಬಂದಿಲ್ಲ."

ಶರಯೂ ತನ್ನ ಮೊಣಕಾಲುಗಳನ್ನು ನೋಡುತ್ತ ಕೂತಳು. ಡಬ್ಬಿಯ ತಪ್ಪನ್ನು ಅವಳು ಎಷ್ಟು ಸಲ ತಿರುವಿ ಹಾಕಿದ್ದಳು, ಎಷ್ಟು ರಾತ್ರಿ ಅದರ ಜೊತೆ ಮಲಗಿದ್ದಳು! ಸುಳ್ಳು ಹೇಳಿದ್ದು ಒಂದೇ ಡಬ್ಬಿ. ಮಿಕ್ಕವೆಲ್ಲ ನಿಜ ಹೇಳಿದ್ದವು, ಅವಳು ಕಲಿಸಿಕೊಟ್ಟ ಹಾಗೆ, ಅಚ್ಚುಕಟ್ಟಾಗಿ, ಒಂದೇ ಉಸಿರಿಗೆ. ಈ ಮನೆ ಮುರಿದದ್ದು ಆ ನಿಜದಿಂದ. ಸುಳ್ಳನ್ನು ಸರಿಪಡಿಸುವುದು ಅವಳಿಗೆ ಗೊತ್ತಿತ್ತು. ಇದಕ್ಕೆ ಯಾವ ಗುರುತು ಹಾಕುವುದು? ಹೊರಗೆ ಯಾರೋ ಹಳೆ ಸಾಮಾನಿನವನು ಕೂಗಿಕೊಂಡು ಹೋದ. ತೊಟ್ಟಿಲು ಒಮ್ಮೆ ಅಲುಗಿತು, ಪ್ರಾಜಕ್ತಾ ಕೂತಲ್ಲಿಂದಲೇ ಕೈ ಚಾಚಿ ತೂಗಿದಳು.

"ಮಾವಶಿ, ಡಬ್ಬಿ ಹಳೇ ಜಾಗವನ್ನೇ ಮತ್ತೆ ಮತ್ತೆ ಹೇಳ್ತಿತ್ತು ಅಂದ್ರಲ್ಲ."

"ಹೌದು."

"ಹಾಗಾದ್ರೆ ಅಪ್ಪ ಒಂದೇ ದಿನ ಬಂದಿದ್ದ ಅಂತ ಹೇಳಬಹುದಲ್ಲ ನೀವು? ಒಂದೇ ದಿನ, ಮೊಮ್ಮಗಳನ್ನ ನೋಡೋಕೆ. ಮಿಕ್ಕಿದ್ದೆಲ್ಲ ಡಬ್ಬಿ ಅದನ್ನೇ ಹೇಳ್ತಾ ಹೋಗಿದೆ ಅಂತ. ಒಂದು ದಿನ ಅಂದ್ರೆ ಆಯಿ ತಡ್ಕೋತಾಳೆ. ಅಷ್ಟು ದಿನ ತನ್ನ ಕಣ್ಣಿಗೆ ಮಣ್ಣೆರಚಿ, ತಾನು ಕಟ್ಟಿದ ಬುತ್ತಿ ಇಟ್ಕೊಂಡೇ ಬರ್ತಿದ್ದ ಅಂದ್ರೆ ಹೇಗೆ ತಡ್ಕೋಬೇಕು ಅವಳು? ನೀವು ಓದಿದವರು. ನೀವೇ ಮಾಡಿದ ಡಬ್ಬಿ. ನೀವು ಹೇಳಿದ್ರೆ ನಂಬ್ತಾರೆ."

ಆಗುವುದಿಲ್ಲ ಎನ್ನಲು ಶರಯೂಗೆ ನಾಲಗೆ ಬರಲಿಲ್ಲ. ನಿಜ ಆಡಬೇಕಾದಾಗ ಆಡದಿದ್ದ ಬಾಯಿಗೆ ಈಗ ಸುಳ್ಳು ಆಡುವುದಿಲ್ಲವೆಂಬ ಮಡಿ ಎಲ್ಲಿಂದ ಬರಬೇಕು? ಅದೂ ಅಲ್ಲದೆ, ಕೇಳುತ್ತಿದ್ದವಳಿಗೆ ಹಣೆಯ ಮೇಲೆ ಹಿಟ್ಟಿನ ಗೆರೆಯಿತ್ತು, ಕಣ್ಣಲ್ಲಿ ನೀರಿರಲಿಲ್ಲ. "ಹೇಳ್ತೀನಿ," ಎಂದಳು. ಎದ್ದಳು. ಪ್ರಾಜಕ್ತಾ ಊಟಕ್ಕೆ ನಿಲ್ಲಿಸಿದರೂ ನಿಲ್ಲಲಿಲ್ಲ. ನಿಂತರೆ ಮನಸ್ಸು ಬದಲಾದೀತೆಂಬ ಹೆದರಿಕೆ.

ಚರ್ಹೋಲಿಗೆ ಹೋಗುವ ದಾರಿಯುದ್ದಕ್ಕೂ ಆ ಸುಳ್ಳನ್ನು ಅವಳು ಯಂತ್ರದ ಹಾಗೆಯೇ ಕಟ್ಟಿದಳು. ಎಲ್ಲಿ ಬಿಗಿ, ಎಲ್ಲಿ ಸಡಿಲ, ಯಾರು ಏನು ಕೇಳಿದರೆ ಏನು ಹೇಳುವುದು. ಕಟ್ಟುತ್ತ ಕಟ್ಟುತ್ತ ಒಂದು ರೀತಿಯ ಹುರುಪೂ ಬಂತು. ನಡುವೆ ಸುಮ್ಮನಿದ್ದ ಬಬನನ ಮುಖ ನೆನಪಾದರೆ, ಪಾಪ, ಇವತ್ತು ಅವನಿಗೆ ಬಿಡುಗಡೆ ಎಂದುಕೊಂಡಳು.

ಬಬನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಹಳೆಯ ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದ. ಕೆಲಸ ಹೋದಮೇಲೆ ನೀರಿನ ಟ್ಯಾಂಕರು ಓಡಿಸುತ್ತಿದ್ದಾನೆಂದು ಆಮೇಲೆ ತಿಳಿಯಿತು. ಅವಳನ್ನು ನೋಡಿ ಎದ್ದು ನಿಂತ. ಪಕ್ಕದ ಮನೆಯಿಂದ ಪೋಪಟರಾವ್ ಗಂಜಿಫ್ರಾಕಿನಲ್ಲೇ ಓಡಿಬಂದ. ಮೇಲ್ವಿಚಾರಕನಿಗೆ ಡಬ್ಬಿಯ ಮ್ಯಾಡಮ್ಮು ದಾಜಿಯ ಅಂಗಳದಲ್ಲಿ ಕಂಡದ್ದು ಒಳ್ಳೆಯ ಲಕ್ಷಣವೆನಿಸಿರಲಿಲ್ಲ. ಒಳಗೆ ಕುರ್ಚಿ ಹಾಕಿದರು. ಒಲೆಯ ಹತ್ತಿರ ಬೆನ್ನು ಮಾಡಿ ಕೂತಿದ್ದವಳು ಮಂದಾ. ತಿರುಗಿ ನೋಡದೆಯೇ ಚಹಾಕ್ಕೆ ನೀರಿಟ್ಟಳು.

ಶರಯೂ ಹೇಳಿದಳು. ಮೊದಲು ಸಿಲಿಂಡರಿನ ನಿಜ, ಅದರ ಬೆನ್ನಿಗೆ ಅಂಟಿಕೊಂಡ ಹಾಗೆ ಈ ಸುಳ್ಳು. "ಡಬ್ಬಿ ಒಮ್ಮೆ ನೋಡಿದ ಜಾಗವನ್ನೇ ದಿನಾ ಹೇಳ್ತಾ ಹೋಗುತ್ತೆ. ದಿಘಿಯಲ್ಲಿ ಇವರ ಗಾಡಿ ನಿಂತಿದ್ದು ಒಂದೇ ದಿನ. ಮಿಕ್ಕಿದ್ದೆಲ್ಲ ನನ್ನ ತಪ್ಪು. ನೀವು ಟೀವಿಯಲ್ಲಿ ನೋಡಿದ್ದೂ ಅದೇ ತಪ್ಪು, ಪೋಪಟರಾವ್." ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು. ಒಲೆಯ ಹತ್ತಿರ ಮಂದಾಳ ಕೈ ಸಕ್ಕರೆಯ ಡಬ್ಬದಲ್ಲೇ ನಿಂತಿತ್ತು.

ಪೋಪಟರಾವ್ ಬಬನನ ಕಡೆ ತಿರುಗಿದ. ಅವನಿಗೂ ಇದು ಬೇಕಾಗಿತ್ತೆಂದು ಕಂಡಿತು. "ಹಾಗಿದ್ರೆ… ಒಂದು ದಿನ ಅಂದ್ರೆ… ಕರುಳು, ಆಗುತ್ತೆ. ಮೊದಲೇ ಹೇಳಬಾರದಿತ್ತಾ ದಾಜಿ? ನಾನೂ ಸುಮ್ಮನೆ ಏನೇನೋ ಅಂದೆ. ಅಕ್ಕಾ, ಕೇಳಿದೆಯಾ? ಒಂದೇ ದಿನವಂತೆ."

ಬಬನ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಕೈಯಲ್ಲಿ ಇನ್ನೂ ಸುತ್ತಿಗೆಯಿತ್ತು. ಅದನ್ನು ಕೆಳಗಿಟ್ಟ.

"ಒಂದು ದಿನ ಅಲ್ಲ," ಎಂದ. "ದಿನಾ ಹೋಗ್ತಿದ್ದೆ."

"ದಾಜಿ, ಮ್ಯಾಡಮ್ ಹೇಳ್ತಿದಾರಲ್ಲ…"

"ಮ್ಯಾಡಮ್ಮಿಗೆ ಏನು ಗೊತ್ತು? ಗಾಡಿ ಓಡಿಸ್ತಿದ್ದೋನು ನಾನು. ಅವತ್ತು ಸಾಹೇಬರು ಯಾರ ಮನೆ ಅಂತ ಕೇಳಿದಾಗ ನನ್ನ ಮಗಳ ಮನೆ ಅನ್ನಲಿಲ್ಲ ನಾನು. ನಾಲ್ಕು ಜನರೆದುರು ಅಷ್ಟು ಹೇಳೋಕೆ ಬಾಯಿ ಬರಲಿಲ್ಲ. ಕಳ್ಳ ಅನ್ನಿಸಿಕೊಂಡೆ, ಅದನ್ನ ಹೇಳಲಿಲ್ಲ." ಅವನು ಹೆಂಡತಿಯ ಬೆನ್ನನ್ನು ನೋಡುತ್ತಿದ್ದ. "ಈಗ ಇನ್ನೊಂದು ಸಲ ಅವಳನ್ನ ಇಲ್ಲ ಅನ್ನಿಸಬೇಡಿ ನನ್ನ ಕೈಲಿ. ದಿನಾ ಹೋಗ್ತಿದ್ದೆ ಮಂದಾ. ನಿನ್ನ ಬುತ್ತಿ ಅವಳೇ ತಿಂತಿದ್ದಳು. ಆಣೆ ಹಾಕಿಸಿದ್ರಿ, ಹಾಕಿದೆ. ನಾಳೆ ಹೋಗ್ತೀನಿ."

ಪೋಪಟರಾವ್ ಎದ್ದ. "ಹೋಗು. ಹೋದಮೇಲೆ ನನ್ನ ಬಾಗಿಲ ಕಡೆ ನೋಡಬೇಡ. ಅಕ್ಕಾ, ನೀನು ನೋಡ್ಕೋ." ಹೊರಗೆ ಹೋಗುವಾಗ ಕಾಲಿಗೆ ಸಿಕ್ಕಿದ ಸುತ್ತಿಗೆಯನ್ನು ಒದೆಯಬೇಕೆಂದುಕೊಂಡವನು, ಮ್ಯಾಡಮ್ಮಿನ ಎದುರು ನಾಚಿ, ಬಗ್ಗಿ ಎತ್ತಿ ಬದಿಗಿಟ್ಟು ಹೋದ. ಮಂದಾ ಒಲೆ ಆರಿಸಿದಳು. ಸೋಸದ ಚಹಾ ಪಾತ್ರೆಯಲ್ಲೇ ಉಳಿಯಿತು. ಅವಳು ಯಾರ ಕಡೆಗೂ ನೋಡದೆ ಹಿತ್ತಿಲಿಗೆ ನಡೆದಳು.

ಶರಯೂ ಕುರ್ಚಿಯಿಂದ ಎದ್ದಳು. ಬಬನ ಅವಳನ್ನು ಅಂಗಳದ ತನಕ ಕಳಿಸಲು ಬಂದ. ಸಿಟ್ಟಿರಲಿಲ್ಲ ಅವನಿಗೆ. ಸಿಟ್ಟಿದ್ದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಅವಳೇ ಕಳಿಸಿದ್ದಾ?" ಎಂದು ಮೆಲ್ಲಗೆ ಕೇಳಿದ.

"ಹೂಂ."

"ಹುಚ್ಚು ಹುಡುಗಿ." ಅಂಗೈಯಿಂದ ಸ್ಕೂಟರಿನ ಸೀಟು ಒರೆಸುತ್ತ, "ಮಾತಾಡಬೇಕಾದ ದಿನ ನಾವಿಬ್ಬರೂ ಸುಮ್ಮನಿದ್ವಿ ಮ್ಯಾಡಮ್. ಇವತ್ತು ನೀವು ಸುಮ್ಮನಿರಬಹುದಾಗಿತ್ತು," ಎಂದ. "ಮಳೆ ಬರೋ ಹಾಗಿದೆ, ಹುಷಾರಾಗಿ ಹೋಗಿ." ತಿರುಗಿ ಒಳಗೆ ಹೋದ.

ಸ್ಕೂಟರು ಸ್ಟಾರ್ಟ್ ಆಗಲಿಲ್ಲ. ಕೀಲಿಯನ್ನು ತಪ್ಪು ದಿಕ್ಕಿಗೆ ತಿರುಗಿಸುತ್ತಿದ್ದಳು. ನಾಳೆ ಮಕರಂದನಿಗೆ ಆ ಚುಕ್ಕೆ ತೋರಿಸಬೇಡ ಎನ್ನಬೇಕು, ಅವನು ತೋರಿಸಿದರೆ ಎದ್ದು ನಿಂತು ತಪ್ಪು ಎನ್ನಬೇಕು. ಅನ್ನುತ್ತಾಳೆ, ಖಂಡಿತ. ಆದರೆ ಅಂದರೂ ಅದು ಮಕರಂದನ ಕುಳಗಳಿಗೆ ಮುಟ್ಟುವ ಮಾತು, ಈ ಅಂಗಳಕ್ಕೆ ಮುಟ್ಟುವುದಿಲ್ಲ. ಹಿತ್ತಿಲ ಕಡೆಯ ಸಂದಿಯಿಂದ ಯಾರೋ ಬಂದ ಸದ್ದಾಯಿತು. ಮಂದಾ. ಸೆರಗು ತಲೆಯ ಮೇಲೆಳೆದುಕೊಂಡು, ಕೈಯಲ್ಲಿ ಒಣಗಿದ ಬಟ್ಟೆ ಹಿಡಿದು, ಬಟ್ಟೆ ತೆಗೆಯಲೆಂದೇ ಬಂದವಳ ಹಾಗೆ ಹತ್ತಿರ ಬಂದಳು. ಮನೆಯ ಕಡೆ ಒಮ್ಮೆ, ತಮ್ಮನ ಮನೆಯ ಕಡೆ ಒಮ್ಮೆ ನೋಡಿದಳು.

"ನೀವು ಇವತ್ತು ಆ ಮನೆಯಿಂದಲೇ ಬಂದ್ರಾ?"

"ಹೌದು."

"ಒಳಗೆ ಕೂತಿದ್ರಾ?"

"ಕೂತಿದ್ದೆ."

ಮಂದಾ ಬಟ್ಟೆಯ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಚಿದಳು. "ಕೂಸು ಯಾರ ಹಾಗಿದೆ?"

ತೊಲೆ, ಹಗ್ಗ, ನೀಲಿ ಸೀರೆ, ಸೀರೆಯ ಮೇಲಿನ ಬಿಳಿ ಬುಟ್ಟಾಗಳು ಎಲ್ಲ ಶರಯೂಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಕೈ ಚಾಚಿದ್ದರೆ ಸಿಗುವಷ್ಟು ಹತ್ತಿರ ಕೂತಿದ್ದಳು. ಒಮ್ಮೆ ಅದು ಅಲುಗಿದ್ದೂ ನೆನಪಾಯಿತು. ತನ್ನ ತಪ್ಪನ್ನು ಹೇಳಿಕೊಳ್ಳುತ್ತಿದ್ದಳು ಆಗ, ಅಥವಾ ಮೊಣಕಾಲು ನೋಡುತ್ತಿದ್ದಳು. ನಿಮ್ಮ ಹಾಗೇ ಇದೆ ಎಂದುಬಿಡಬಹುದಿತ್ತು. ಮಾತು ತುಟಿಯವರೆಗೆ ಬಂದೂ ಇತ್ತು.

"ಮಲಗಿತ್ತು," ಎಂದಳು. "ನಾನು ನೋಡಲಿಲ್ಲ."

"ಅಷ್ಟು ಹತ್ತಿರ ಹೋಗಿಯೂ?" ಎಂದಳು ಮಂದಾ. ಬೈಗುಳವಿರಲಿಲ್ಲ ಅದರಲ್ಲಿ. ಇನ್ನೇನಾದರೂ ಬರಬಹುದೇನೋ ಎಂಬಂತೆ ಅವಳು ಶರಯೂಳ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.